ಒಂದೇ ಲೈನ್, ಹಲವು ಡಿವೈಸ್: ಲಿನಕ್ಸ್ ಡ್ರೈವರ್‌ಗಳಲ್ಲಿ ಶೇರ್ಡ್ ಇಂಟರಪ್ಟ್ ನಿಭಾಯಿಸುವ ಸಮಗ್ರ ಮಾರ್ಗದರ್ಶಿ

ಹೊಸಬರ ಡ್ರೈವರ್ ಕೋಡ್ ಓದಲು ಕೂತಾಗ ನಾನು ಮೊದಲು ತೆರೆಯುವುದು ಇಂಟರಪ್ಟ್ (ಡಿವೈಸ್ ಸಿಪಿಯುವಿನ ಗಮನ ಸೆಳೆಯಲು ಕಳಿಸುವ ಸಂಕೇತ) ಬಂದಾಗ ಓಡುವ ಹ್ಯಾಂಡ್ಲರನ್ನಲ್ಲ, ಡಿವೈಸ್ ಸಿಕ್ಕಾಗ ಓಡುವ ಪ್ರೋಬ್ ಮತ್ತು ಅದನ್ನು ಬಿಡುವಾಗ ಓಡುವ ರಿಮೂವ್ ಫಂಕ್ಷನ್‌ಗಳನ್ನು. ಯಾವ ಸಾಲು ಯಾವುದರ ಮೊದಲು ಬಂದಿದೆ ಎಂದು ನೋಡಿದರೆ ಸಾಕು, ಹೆಚ್ಚಿನ ಸಲ ತಪ್ಪು ಅಲ್ಲೇ ಸಿಗುತ್ತದೆ. ಬರೆದವರ ಮೇಜಿನ ಮೇಲೆ ಡ್ರೈವರ್ ಚೆನ್ನಾಗಿಯೇ ಓಡಿರುತ್ತದೆ, ಯಾಕೆಂದರೆ ಅಲ್ಲಿ ಆ ಇಂಟರಪ್ಟ್ ಲೈನ್ (ಸಂಕೇತ ಬರುವ ತಂತಿ) ಮೇಲೆ ಇದ್ದದ್ದು ಅವರ ಡಿವೈಸ್ ಒಂದೇ. ಬೇರೆ ಬೋರ್ಡಿಗೆ ಹೋದ ದಿನ ಪಕ್ಕದ ನೆಟ್‌ವರ್ಕ್ ಕಾರ್ಡ್ ಕೈಕೊಡುತ್ತದೆ, ಬೈಗುಳ ನೆಟ್‌ವರ್ಕ್ ಡ್ರೈವರ್ ಬರೆದವರಿಗೆ ಬೀಳುತ್ತದೆ.

ಹಳೆಯ ವಠಾರವೊಂದರ ಹೆಬ್ಬಾಗಿಲಿಗೆ ಒಂದೇ ಕಾಲಿಂಗ್ ಬೆಲ್ ಇದೆ ಅಂದುಕೊಳ್ಳಿ. ಬೆಲ್ ಹೊಡೆದರೆ ಎಲ್ಲ ಮನೆಯವರೂ ಎದ್ದು ಬಂದು ನೋಡಬೇಕು. ಬಂದವರು ನಮ್ಮವರಲ್ಲದಿದ್ದರೆ ‘ನಮ್ಮ ಮನೆಗಲ್ಲ’ ಎಂದು ಹೇಳಿ ಒಳಗೆ ಹೋಗಬೇಕು. ಇಷ್ಟು ಎಲ್ಲರಿಗೂ ಗೊತ್ತು. ಮರೆಯುವುದು ಏನೆಂದರೆ, ನೀವು ಲಾರಿಯಿಂದ ಸಾಮಾನು ಇಳಿಸುತ್ತಿರುವಾಗಲೂ ಬೆಲ್ ಹೊಡೆಯುತ್ತದೆ, ಮಲಗಿದ್ದಾಗಲೂ ಹೊಡೆಯುತ್ತದೆ, ಮನೆ ಖಾಲಿ ಮಾಡುತ್ತಿರುವಾಗಲೂ ಹೊಡೆಯುತ್ತದೆ. ಹ್ಯಾಂಡ್ಲರ್ ನೋಂದಣಿಯಾಗಿರುವ ಪ್ರತಿ ಕ್ಷಣವೂ ಅದು ‘ಇದು ನನ್ನದೇ?’ ಎಂಬ ಪ್ರಶ್ನೆಗೆ ಉತ್ತರ ಕೊಡುವ ಸ್ಥಿತಿಯಲ್ಲಿರಬೇಕು. ಕೆಳಗಿನ ಹಂತಗಳೆಲ್ಲ ಈ ಒಂದು ಷರತ್ತು ಪೂರೈಸುವುದಕ್ಕೇ ಇರುವುದು.

ಫಂಕ್ಷನ್, ಫ್ಲ್ಯಾಗ್ ಹೆಸರುಗಳನ್ನು ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಕರ್ನಲ್ ಕೋಡ್ ಓದಿದವರಿಗೆ ಗುರುತು ಸಿಗುತ್ತದೆ.

## ಬೇಕಾಗುವ ಸಾಮಾನು

ನಿಜವಾದ ಕಾರ್ಡ್ ಮೇಲೆ ಕಲಿಯಲು ಹೋಗಬೇಡಿ. ಕ್ಯೂಎಮು ಎಂಬ ಎಮ್ಯುಲೇಟರಿನಲ್ಲಿ (ಸಾಫ್ಟ್‌ವೇರ್‌ನಲ್ಲೇ ಓಡುವ ನಕಲಿ ಕಂಪ್ಯೂಟರ್) ‘ಎಡು’ ಎಂಬ ಪಿಸಿಐ ಡಿವೈಸ್ ಇದೆ, ಡ್ರೈವರ್ ಬರೆಯುವುದನ್ನು ಕಲಿಸಲೆಂದೇ ಮಾಡಿದ್ದು. ವೆಂಡರ್ ಸಂಖ್ಯೆ ಹೆಕ್ಸ್ 1234, ಡಿವೈಸ್ ಸಂಖ್ಯೆ ಹೆಕ್ಸ್ 11ಇ8. ನಮಗೆ ಬೇಕಾದದ್ದು ಅದರ ಮೂರೇ ರಿಜಿಸ್ಟರ್. ಹೆಕ್ಸ್ 60ಕ್ಕೆ ಏನಾದರೂ ಬರೆದರೆ ಇಂಟರಪ್ಟ್ ಏಳುತ್ತದೆ, ಹೆಕ್ಸ್ 24ರಲ್ಲಿ ಅದರ ಸ್ಥಿತಿ ಓದಬಹುದು, ಹೆಕ್ಸ್ 64ಕ್ಕೆ ಅದೇ ಬಿಟ್‌ಗಳನ್ನು ಬರೆದರೆ ಆಕ್ ಆಗುತ್ತದೆ, ಅಂದರೆ ‘ಇಂಟರಪ್ಟ್ ತಲುಪಿತು’ ಎಂದು ಡಿವೈಸ್‌ಗೆ ತಿಳಿಸಿದಂತೆ. ಮೂರಕ್ಕೂ 4 ಬೈಟ್ ಅಗಲದಲ್ಲೇ ಓದಿ, ಬರೆಯಿರಿ.

ಕ್ಯೂಎಮುವಿನ ಹಳೆಯ ‘ಪಿಸಿ’ ಮೆಷಿನ್ ಆರಿಸಿ, ಎರಡು ಎಡು ಡಿವೈಸ್ ಸೇರಿಸಿ. ಒಂದನ್ನು ಸ್ಲಾಟ್ 5ರಲ್ಲಿ, ಇನ್ನೊಂದನ್ನು ಸ್ಲಾಟ್ 9ರಲ್ಲಿ ಕೂರಿಸಿ. ಆ ಮೆಷಿನ್‌ನಲ್ಲಿ ಸ್ಲಾಟ್‌ಗಳು ನಾಲ್ಕು ಲೈನ್‌ಗಳ ಮೇಲೆ ಸರದಿಯಂತೆ ಹಂಚಿಕೆಯಾಗುತ್ತವೆ. ಹಾಗಾಗಿ ನಾಲ್ಕರ ಅಂತರದಲ್ಲಿರುವ ಎರಡು ಸ್ಲಾಟ್‌ಗಳು ಒಂದೇ ಲೈನ್‌ಗೆ ಬಂದು ಬೀಳುತ್ತವೆ. ನಿಮಗೆ ಬೇಕಾದ ಜಗಳಗಂಟ ನೆರೆಹೊರೆ ಸಿದ್ಧ.

ಕರ್ನಲ್ ಕಟ್ಟುವಾಗ ಕಾನ್ಫಿಗ್_ಡೀಬಗ್_ಎಸ್‌ಎಚ್‌ಐಆರ್‌ಕ್ಯೂ (ಶೇರ್ಡ್ ಇಂಟರಪ್ಟ್ ಪರೀಕ್ಷೆ), ಲಾಕ್‌ಡೆಪ್ (ಲಾಕ್ ತಪ್ಪು ಹಿಡಿಯುವುದು) ಮತ್ತು ಕಾಸಾನ್ (ಮೆಮರಿ ತಪ್ಪು ಹಿಡಿಯುವುದು) ಮೂರನ್ನೂ ಆನ್ ಮಾಡಿ. ಸೀರಿಯಲ್ ಕನ್ಸೋಲ್ ಕಡ್ಡಾಯ. ಇಂಟರಪ್ಟ್ ಬಿರುಗಾಳಿ ಎದ್ದಾಗ ಎಸ್‌ಎಸ್‌ಎಚ್ ಮೊದಲು ಸಾಯುತ್ತದೆ, ಕೊನೆಯ ಮಾತು ಕೇಳಿಸುವುದು ಸೀರಿಯಲ್‌ನಲ್ಲಿ ಮಾತ್ರ.

ಇನ್ನೊಂದು ಮಾತು. ನೆಟ್‌ನಲ್ಲಿ ಸಿಗುವ ಪಾಠದಲ್ಲಿ ಎಸ್‌ಎ_ಎಸ್‌ಎಚ್‌ಐಆರ್‌ಕ್ಯೂ ಎಂಬ ಫ್ಲ್ಯಾಗ್ ಕಂಡರೆ ಅಥವಾ ಹ್ಯಾಂಡ್ಲರ್‌ಗೆ ಮೂರು ಆರ್ಗ್ಯುಮೆಂಟ್ ಇದ್ದರೆ ಆ ಪುಟ ಮುಚ್ಚಿ. ಅದು 2006ಕ್ಕಿಂತ ಹಿಂದಿನ ಸರಕು.

## ಹಂತ 1: ಹಂಚಿಕೊಳ್ಳಲೇಬೇಕೇ ಎಂದು ಮೊದಲು ಕೇಳಿಕೊಳ್ಳಿ

ಪ್ರಾಕ್ ಡೈರೆಕ್ಟರಿಯ ‘ಇಂಟರಪ್ಟ್ಸ್’ ಫೈಲ್ ತೆರೆಯಿರಿ. ಒಂದು ಸಾಲಿನ ಕೊನೆಯಲ್ಲಿ ಕಾಮಾ ಹಾಕಿ ಎರಡು ಮೂರು ಹೆಸರಿದ್ದರೆ ಆ ಲೈನ್ ಹಂಚಿಕೆಯಾಗಿದೆ. ಒಂದೇ ಹೆಸರಿದೆ ಎಂದು ಮಾತ್ರ ನಂಬಿ ಕೂರಬೇಡಿ. ಅಲ್ಲಿ ಕಾಣುವುದು ಡ್ರೈವರ್ ನೋಂದಾಯಿಸಿಕೊಂಡವರು ಮಾತ್ರ. ಡ್ರೈವರ್ ಇಲ್ಲದ ಡಿವೈಸೊಂದು ಅದೇ ತಂತಿಗೆ ಜೋತುಬಿದ್ದಿರಬಹುದು. ಎಲ್‌ಎಸ್‌ಪಿಸಿಐ ಕಮಾಂಡನ್ನು ವಿವರವಾಗಿ ಓಡಿಸಿ, ಯಾವ ಯಾವ ಡಿವೈಸಿನ ಪಿನ್ ಯಾವ ಐಆರ್‌ಕ್ಯೂಗೆ (ಇಂಟರಪ್ಟ್ ಲೈನಿನ ಸಂಖ್ಯೆ) ಹೋಗಿದೆ ಎಂದು ನೋಡಿ.

ನಿಮ್ಮದು ಪಿಸಿಐ ಎಕ್ಸ್‌ಪ್ರೆಸ್ ಡಿವೈಸ್ ಆಗಿದ್ದು ಅದಕ್ಕೆ ಎಂಎಸ್‌ಐ ಅಥವಾ ಎಂಎಸ್‌ಐ-ಎಕ್ಸ್ (ತಂತಿ ಇಲ್ಲದೆ ಸಂದೇಶವಾಗಿ ಬರುವ ಇಂಟರಪ್ಟ್) ಗೊತ್ತಿದ್ದರೆ ಅದನ್ನೇ ಬಳಸಿ. ಅಲ್ಲಿ ಇಂಟರಪ್ಟ್ ಎಂದರೆ ತಂತಿಯ ಮಟ್ಟ ಅಲ್ಲ, ಮೆಮರಿಗೆ ಒಂದು ಬರಹ. ಅದನ್ನು ಬೇರೆ ಡಿವೈಸ್ ಜೊತೆ ಹಂಚಿಕೊಳ್ಳುವ ಪ್ರಶ್ನೆಯೇ ಬರುವುದಿಲ್ಲ. ಪಿಸಿಐ_ಅಲಾಕ್_ಐಆರ್‌ಕ್ಯೂ_ವೆಕ್ಟರ್ಸ್‌ಗೆ ಎಂಎಸ್‌ಐ ಫ್ಲ್ಯಾಗ್ ಜೊತೆಗೆ ಪಿಸಿಐ_ಐಆರ್‌ಕ್ಯೂ_ಇಂಟ್‌ಎಕ್ಸ್ ಕೂಡ ಕೊಡಿ. ಎಂಎಸ್‌ಐ ಸಿಗದಿದ್ದರೆ ಹಳೆಯ ತಂತಿಗೆ, ಅಂದರೆ ಇಂಟ್‌ಎಕ್ಸ್‌ಗೆ, ಅದೇ ಇಳಿದುಕೊಳ್ಳುತ್ತದೆ. ಹಳೆಯ ಕರ್ನಲ್‌ಗಳಲ್ಲಿ ಈ ಫ್ಲ್ಯಾಗ್ ಹೆಸರು ಪಿಸಿಐ_ಐಆರ್‌ಕ್ಯೂ_ಲೆಗಸಿ. ಎಂಎಸ್‌ಐ ಆನ್ ಆದರೂ ಒಂದೂ ಇಂಟರಪ್ಟ್ ಬರುತ್ತಿಲ್ಲ ಎಂದರೆ ಪಿಸಿಐ_ಸೆಟ್_ಮಾಸ್ಟರ್ ಮರೆತಿದ್ದೀರಿ. ಬಸ್ ಮಾಸ್ಟರ್ ಆಗದ ಡಿವೈಸ್ ಮೆಮರಿಗೆ ಬರೆಯಲಾರದು.

ಹಾಗೆಂದು ಮುಂದಿನ ಹಂತಗಳನ್ನು ಬಿಡುವಂತಿಲ್ಲ. ಇಂಟ್‌ಎಕ್ಸ್‌ಗೆ ಇಳಿಯುವ ದಾರಿ ಇಟ್ಟಮೇಲೆ ಆ ದಾರಿಯೂ ಸರಿ ಇರಬೇಕು. ಆ ಲೈನ್ ಲೆವೆಲ್ ಟ್ರಿಗರ್‌ನದು. ಯಾರಾದರೂ ಒಬ್ಬರು ಅದನ್ನು ಎಳೆದು ಹಿಡಿದಿರುವವರೆಗೂ ಇಂಟರಪ್ಟ್ ಮತ್ತೆ ಮತ್ತೆ ಬರುತ್ತಲೇ ಇರುತ್ತದೆ. ಎಸ್‌ಒಸಿ (ಸಿಪಿಯು, ಕಂಟ್ರೋಲರ್ ಎಲ್ಲ ಒಂದೇ ಚಿಪ್‌ನಲ್ಲಿರುವ) ಬೋರ್ಡ್‌ಗಳಲ್ಲಿ ಎರಡು ಸೆನ್ಸರ್‌ಗಳ ಅಲರ್ಟ್ ಪಿನ್ ಒಂದೇ ಜಿಪಿಐಒ ಪಿನ್‌ಗೆ ಸೇರಿಸಿರುವುದೂ ಇದೇ ಕಥೆ.

## ಹಂತ 2: ನೋಂದಣಿಗೆ ಮೊದಲು ಡಿವೈಸ್ ಬಾಯಿ ಮುಚ್ಚಿಸಿ

ಪ್ರೋಬ್‌ನಲ್ಲಿ ಈ ಕ್ರಮ ತಪ್ಪಬೇಡಿ:

1. ಪಿಸಿಐ_ಎನೇಬಲ್_ಡಿವೈಸ್ ಕರೆಯಿರಿ. ಐಆರ್‌ಕ್ಯೂ ಸಂಖ್ಯೆಯನ್ನು ಇದಾದ ಮೇಲೆಯೇ ಓದಿ. ಕೆಲವು ಪ್ಲಾಟ್‌ಫಾರ್ಮ್‌ಗಳಲ್ಲಿ ಸಂಖ್ಯೆ ನಿಗದಿಯಾಗುವುದೇ ಇಲ್ಲಿ.
2. ನಿಮ್ಮ ಸ್ಟ್ರಕ್ಚರ್‌ಗೆ ಮೆಮರಿ ತೆಗೆದುಕೊಂಡು, ಸ್ಪಿನ್‌ಲಾಕ್, ಕ್ಯೂ, ವರ್ಕ್ ಎಲ್ಲವನ್ನೂ ಸಿದ್ಧಮಾಡಿ.
3. ರಿಜಿಸ್ಟರ್‌ಗಳನ್ನು ಮ್ಯಾಪ್ ಮಾಡಿ.
4. ಡಿವೈಸಿನ ಒಳಗಿನ ಇಂಟರಪ್ಟ್ ಮಾಸ್ಕ್ (ಇಂಟರಪ್ಟ್ ತಡೆಯುವ ಬಿಟ್‌ಗಳು) ಹಾಕಿ, ಹಳೆಯದೇನಾದರೂ ಬಾಕಿ ಇದ್ದರೆ ಆಕ್ ಮಾಡಿ, ಒಂದು ರಿಜಿಸ್ಟರ್ ಓದಿ ಬರಹಗಳು ತಲುಪಿವೆ ಎಂದು ಖಾತ್ರಿಪಡಿಸಿಕೊಳ್ಳಿ.
5. ಈಗ ರಿಕ್ವೆಸ್ಟ್_ಐಆರ್‌ಕ್ಯೂ.
6. ಕೊನೆಯಲ್ಲಿ ಡಿವೈಸಿನ ಇಂಟರಪ್ಟ್ ತೆರೆಯಿರಿ.

ಎಡವುವುದು 4 ಮತ್ತು 5ರ ನಡುವೆ. ‘ಈಗ ತಾನೇ ಬೂಟ್ ಆಗಿದೆ, ಡಿವೈಸ್ ಸುಮ್ಮನೆ ಇದ್ದೇ ಇರುತ್ತದೆ’ ಎಂಬ ನಂಬಿಕೆ ಕೈಕೊಡುವುದು ಕೆಡಂಪ್‌ನಲ್ಲಿ. ಮೊದಲ ಕರ್ನಲ್ ಕುಸಿದು ಎರಡನೆಯದು ಏಳುವಾಗ ಯಾರೂ ಡಿವೈಸ್‌ಗಳನ್ನು ರೀಸೆಟ್ ಮಾಡಿರುವುದಿಲ್ಲ. ಹಿಂದಿನ ಜನ್ಮದ ಇಂಟರಪ್ಟ್ ಹಿಡಿದುಕೊಂಡೇ ಡಿವೈಸ್ ಕಾಯುತ್ತಿರುತ್ತದೆ.

ಎಡು ಡಿವೈಸಿನಲ್ಲಿ ಮಾಸ್ಕ್ ರಿಜಿಸ್ಟರ್ ಇಲ್ಲ. ಅಂಥ ಕಡೆ ಪಿಸಿಐ_ಇಂಟ್‌ಎಕ್ಸ್ ಫಂಕ್ಷನ್‌ಗೆ 0 ಕೊಟ್ಟು ಕರೆಯಿರಿ. ಅದು ಪಿಸಿಐ ಕಮಾಂಡ್ ರಿಜಿಸ್ಟರಿನ 10ನೇ ಬಿಟ್ ಏರಿಸಿ ಡಿವೈಸ್ ಲೈನ್ ಎಳೆಯದಂತೆ ತಡೆಯುತ್ತದೆ. ಈ ಬಿಟ್ ಬಂದದ್ದು ಪಿಸಿಐ 2.3ರಲ್ಲಿ, ಅದಕ್ಕಿಂತ ಹಳೆಯ ಕಾರ್ಡ್‌ಗಳಲ್ಲಿ ಇದನ್ನು ನಂಬುವಂತಿಲ್ಲ.

2ನೇ ಸಾಲಿನ ಕೆಲಸ 5ರ ನಂತರ ಮಾಡಿದವರನ್ನು ಬೇಕಾದಷ್ಟು ಕಂಡಿದ್ದೇನೆ. ‘ನನ್ನ ಡಿವೈಸ್ ಇನ್ನೂ ಮಾಸ್ಕ್ ಆಗಿದೆಯಲ್ಲ’ ಎಂಬುದು ಅವರ ವಾದ. ಬೆಲ್ ಹೊಡೆಯುವುದು ಪಕ್ಕದವರು ಸ್ವಾಮಿ. ರಿಕ್ವೆಸ್ಟ್_ಐಆರ್‌ಕ್ಯೂ ವಾಪಸಾಗುವ ಮೊದಲೇ ನಿಮ್ಮ ಹ್ಯಾಂಡ್ಲರ್ ಬೇರೆ ಸಿಪಿಯು ಮೇಲೆ ಓಡುತ್ತಿರಬಹುದು.

## ಹಂತ 3: ನೋಂದಣಿ

ಐಆರ್‌ಕ್ಯೂಎಫ್_ಶೇರ್ಡ್ ಫ್ಲ್ಯಾಗ್ ಕೊಡಿ, ಕೊನೆಯ ಆರ್ಗ್ಯುಮೆಂಟ್ ಡೆವ್_ಐಡಿಗೆ ನಿಮ್ಮ ಆ ಒಂದು ಡಿವೈಸಿನ ಸ್ಟ್ರಕ್ಚರ್ ವಿಳಾಸ ಕೊಡಿ. ಅಲ್ಲಿ ನಲ್ ಕೊಟ್ಟರೆ ಕರ್ನಲ್ ಇ-ಇನ್ವಾಲ್ ಎಂದು ಬಾಗಿಲಲ್ಲೇ ತಿರುಗಿಸಿ ಕಳಿಸುತ್ತದೆ. ಅದಕ್ಕಿಂತ ಕೆಟ್ಟದ್ದು, ಡ್ರೈವರ್‌ಗೆಲ್ಲ ಸಾಮಾನ್ಯವಾದ ಗ್ಲೋಬಲ್ ವೇರಿಯಬಲ್ ವಿಳಾಸ ಕೊಡುವುದು. ಒಂದು ಕಾರ್ಡ್ ಇರುವವರೆಗೆ ಏನೂ ಆಗುವುದಿಲ್ಲ. ಎರಡನೆಯದು ಅದೇ ಲೈನ್‌ಗೆ ಬಂದರೆ ಫ್ರೀ_ಐಆರ್‌ಕ್ಯೂ ಮೊದಲು ಸಿಕ್ಕಿದ ನೋಂದಣಿಯನ್ನು ಕಿತ್ತುಹಾಕುತ್ತದೆ, ಅದು ಬದುಕಿರುವ ಕಾರ್ಡಿನದ್ದೂ ಆಗಿರಬಹುದು.

ಹಂಚಿಕೊಳ್ಳುವವರೆಲ್ಲರೂ ಒಪ್ಪಲೇಬೇಕಾದ ವಿಷಯಗಳಿವೆ: ಎಲ್ಲರೂ ಶೇರ್ಡ್ ಫ್ಲ್ಯಾಗ್ ಕೊಟ್ಟಿರಬೇಕು, ಟ್ರಿಗರ್ ಬಗೆ ಒಂದೇ ಇರಬೇಕು, ಐಆರ್‌ಕ್ಯೂಎಫ್_ಒನ್‌ಶಾಟ್ (ಥ್ರೆಡ್ ಮುಗಿಯುವವರೆಗೆ ಲೈನ್ ಮುಚ್ಚಿಡುವ ಫ್ಲ್ಯಾಗ್) ವಿಷಯದಲ್ಲೂ ಒಮ್ಮತ ಇರಬೇಕು. ಇಲ್ಲದಿದ್ದರೆ ಇ-ಬ್ಯುಸಿ ಬರುತ್ತದೆ, ಲಾಗ್‌ನಲ್ಲಿ ‘ಫ್ಲ್ಯಾಗ್ಸ್ ಮಿಸ್‌ಮ್ಯಾಚ್’ ಎಂಬ ಸಾಲು, ಎರಡು ಹೆಕ್ಸ್ ಸಂಖ್ಯೆ, ಎರಡು ಹೆಸರು ಕಾಣುತ್ತವೆ. ಆ ಎರಡು ಸಂಖ್ಯೆಗಳನ್ನು ಬಿಟ್ ಬಿಟ್ ಹೋಲಿಸಿ ನೋಡಿದರೆ ಜಗಳ ಯಾವುದಕ್ಕೆಂದು ಅಲ್ಲೇ ಗೊತ್ತಾಗುತ್ತದೆ. ಟ್ರಿಗರ್ ಬಗೆಯನ್ನು ಡಿವೈಸ್ ಟ್ರೀ ಅಥವಾ ಎಸಿಪಿಐ (ಬೋರ್ಡಿನ ಹಾರ್ಡ್‌ವೇರ್ ವಿವರಗಳ ಪಟ್ಟಿ) ಈಗಾಗಲೇ ಹೇಳಿದ್ದರೆ ಡ್ರೈವರ್‌ನಲ್ಲಿ ಮತ್ತೆ ಬರೆಯಬೇಡಿ. ನೀವು ಸುಮ್ಮನಿದ್ದರೆ ಕರ್ನಲ್ ಅದನ್ನೇ ತೆಗೆದುಕೊಳ್ಳುತ್ತದೆ.

## ಹಂತ 4: ಹ್ಯಾಂಡ್ಲರ್

ಇಲ್ಲಿ ನಿಧಾನವಾಗಿ ಹೋಗೋಣ. ಹ್ಯಾಂಡ್ಲರಿನ ಒಳಗೆ ನಡೆಯಬೇಕಾದದ್ದು ಇದೇ ಕ್ರಮದಲ್ಲಿ:

1. ಡಿವೈಸ್ ಮಲಗಿದೆ ಎಂಬ ಗುರುತು ಇದ್ದರೆ ರಿಜಿಸ್ಟರ್ ಮುಟ್ಟದೆ ಐಆರ್‌ಕ್ಯೂ_ನನ್ (‘ನನ್ನದಲ್ಲ’) ಕೊಟ್ಟು ಹೊರಡಿ.
2. ಸ್ಥಿತಿ ರಿಜಿಸ್ಟರ್ ಓದಿ.
3. ಬಂದ ಬೆಲೆಯಲ್ಲಿ 32 ಬಿಟ್ಟೂ 1 ಆಗಿದ್ದರೆ ಐಆರ್‌ಕ್ಯೂ_ನನ್.
4. ನೀವು ತೆರೆದಿರುವ ಇಂಟರಪ್ಟ್‌ಗಳ ಮಾಸ್ಕ್ ಜೊತೆ ಆಂಡ್ ಮಾಡಿ. ಸೊನ್ನೆ ಬಂದರೆ ಐಆರ್‌ಕ್ಯೂ_ನನ್.
5. ಉಳಿದ ಬಿಟ್‌ಗಳನ್ನಷ್ಟೇ ಆಕ್ ಮಾಡಿ.
6. ಕೆಲಸ ಮಾಡಿ, ಅಥವಾ ಬೇರೆಯವರಿಗೆ ಒಪ್ಪಿಸಿ.
7. ಆಕ್ ತಲುಪಿದೆ ಎಂದು ಒಂದು ರಿಜಿಸ್ಟರ್ ಓದಿ ಖಾತ್ರಿ ಮಾಡಿ.
8. ಐಆರ್‌ಕ್ಯೂ_ಹ್ಯಾಂಡಲ್ಡ್ (‘ನನ್ನದೇ, ನೋಡಿಕೊಂಡೆ’) ಕೊಡಿ.

ಮೂರನೆಯ ಸಾಲು ಪಿಸಿಐ ಲೋಕದ ಅನುಭವ. ಕಿತ್ತುಹೋದ ಅಥವಾ ಡಿ3 ಎಂಬ ಪವರ್ ಉಳಿತಾಯದ ಸ್ಥಿತಿಯಲ್ಲಿ ಮಲಗಿದ ಡಿವೈಸ್‌ನಿಂದ ಓದಿದರೆ ಸಾಮಾನ್ಯವಾಗಿ ಎಲ್ಲ ಬಿಟ್ಟೂ 1 ಆಗಿ ಬರುತ್ತದೆ. ಪರೀಕ್ಷೆ ಇಲ್ಲದ ಹ್ಯಾಂಡ್ಲರ್ ಅದನ್ನು ‘ಎಲ್ಲ ಇಂಟರಪ್ಟೂ ಒಟ್ಟಿಗೆ ಬಂದಿವೆ’ ಎಂದು ಓದಿಕೊಂಡು ಇಲ್ಲದ ಪ್ಯಾಕೆಟ್ ಹುಡುಕಲು ಹೊರಡುತ್ತದೆ.

ನಾಲ್ಕನೆಯದು ಯಾಕೆ? ಬಹಳಷ್ಟು ಚಿಪ್‌ಗಳಲ್ಲಿ ಮಾಸ್ಕ್ ಹಾಕಿದ್ದರೂ ಸ್ಥಿತಿ ಬಿಟ್ ಏರುತ್ತದೆ, ಲೈನ್ ಮಾತ್ರ ಎಳೆಯುವುದಿಲ್ಲ. ನೆಟ್‌ವರ್ಕ್ ಡ್ರೈವರ್ ನ್ಯಾಪಿ ಪೋಲಿಂಗ್‌ನಲ್ಲಿದ್ದು (ಇಂಟರಪ್ಟಿಗೆ ಕಾಯದೆ ತಾನೇ ಹೋಗಿ ನೋಡುತ್ತಿದ್ದು) ಇಂಟರಪ್ಟ್ ಮುಚ್ಚಿದೆ ಅನ್ನಿ. ಆಗ ಪಕ್ಕದ ಯುಎಸ್‌ಬಿ ಕಂಟ್ರೋಲರ್ ಬೆಲ್ ಹೊಡೆದರೆ ನಿಮ್ಮ ಹ್ಯಾಂಡ್ಲರ್ ಬರಿಯ ಸ್ಥಿತಿ ಬಿಟ್ ನೋಡಿ ‘ನನ್ನದೇ’ ಎನ್ನುತ್ತದೆ, ಪೋಲಿಂಗ್ ನಡೆಯುತ್ತಿರುವಾಗಲೇ ಆಕ್ ಮಾಡಿ ಘಟನೆಯೊಂದನ್ನು ನುಂಗಿಹಾಕುತ್ತದೆ. ಮಾಸ್ಕಿನ ಪ್ರತಿಯೊಂದನ್ನು ಸ್ಟ್ರಕ್ಚರ್‌ನಲ್ಲೇ ಇಟ್ಟುಕೊಳ್ಳಿ. ಪ್ರತಿ ಸಲ ಡಿವೈಸ್‌ನಿಂದ ಓದುವ ಖರ್ಚು ಯಾಕೆ?

ಐದರಲ್ಲಿ ಆಗುವ ತಪ್ಪು: ಓದಿದ ಬಿಟ್‌ಗಳ ಬದಲು ಎಲ್ಲ ಬಿಟ್‌ಗಳನ್ನೂ ಬರೆದು ಅಳಿಸುವುದು. 1 ಬರೆದರೆ ಅಳಿಯುವ ರಿಜಿಸ್ಟರ್‌ಗಳಲ್ಲಿ, ನೀವು ಓದಿದ ಕ್ಷಣಕ್ಕೂ ಬರೆದ ಕ್ಷಣಕ್ಕೂ ನಡುವೆ ಎದ್ದ ಹೊಸ ಘಟನೆ ಹೇಳಹೆಸರಿಲ್ಲದೆ ಹೋಗುತ್ತದೆ. ಇನ್ನು ಆಕ್ ಮೊದಲೋ ಕೆಲಸ ಮೊದಲೋ ಎಂಬುದು ಚಿಪ್ ಮೇಲೆ ನಿಂತಿದೆ. ಘಟನೆಯನ್ನು ಬಿಟ್‌ನಲ್ಲಿ ಹಿಡಿದಿಡುವ ಚಿಪ್ ಆದರೆ ಮೊದಲು ಆಕ್ ಮಾಡಿ, ಕೆಲಸದ ನಡುವೆ ಹೊಸದು ಬಂದರೆ ಬಿಟ್ ಮತ್ತೆ ಏರುತ್ತದೆ. ಫೀಫೋದಲ್ಲಿ (ಡೇಟಾ ಸರದಿ ಕಾಯುವ ಬಫರ್) ಡೇಟಾ ಇರುವವರೆಗೆ ಬಿಟ್ ಏರಿಯೇ ಇರುವ ಚಿಪ್ ಆದರೆ ಮೊದಲು ಫೀಫೋ ಖಾಲಿ ಮಾಡಿ, ಅದಕ್ಕೆ ಮುಂಚಿನ ಆಕ್‌ನಿಂದ ಉಪಯೋಗವಿಲ್ಲ. ಡೇಟಾಶೀಟ್‌ನಲ್ಲಿ ಈ ಒಂದು ವಾಕ್ಯ ಹುಡುಕಲು ಅರ್ಧ ದಿನ ಹೋದರೂ ನಷ್ಟವಿಲ್ಲ.

ಏಳನೆಯ ಸಾಲನ್ನು ಬಿಟ್ಟರೂ ಕೋಡ್ ಓಡುತ್ತದೆ, ಅದಕ್ಕೇ ಎಲ್ಲರೂ ಬಿಡುತ್ತಾರೆ. ಪಿಸಿಐ ಬರಹಗಳು ದಾರಿಯಲ್ಲಿ ನಿಲ್ಲಬಹುದು. ಆಕ್ ಇನ್ನೂ ಸೇತುವೆಯಲ್ಲೇ ಇರುವಾಗ ಹ್ಯಾಂಡ್ಲರ್ ಮುಗಿದರೆ ಲೈನ್ ಇನ್ನೂ ಎಳೆದೇ ಇರುತ್ತದೆ, ಇಂಟರಪ್ಟ್ ಇನ್ನೊಮ್ಮೆ ಬರುತ್ತದೆ. ಅಷ್ಟರಲ್ಲಿ ಆಕ್ ತಲುಪಿರುತ್ತದೆ, ಈ ಸಲ ಎಲ್ಲರೂ ‘ನನ್ನದಲ್ಲ’ ಎನ್ನುತ್ತಾರೆ. ಲೆಕ್ಕದಲ್ಲಿ ಒಂದು ಅನಾಥ ಇಂಟರಪ್ಟ್ ಸೇರಿತು. ಅಂದಹಾಗೆ ಎರಡನೆಯ ಸಾಲಿನ ಓದಿಗೂ ಇನ್ನೊಂದು ಉಪಕಾರ ಇದೆ. ಇಂಟ್‌ಎಕ್ಸ್‌ನಲ್ಲಿ ಇಂಟರಪ್ಟ್ ಮೊದಲು ಬಂದು ಡಿಎಂಎ ಡೇಟಾ (ಡಿವೈಸ್ ನೇರವಾಗಿ ಮೆಮರಿಗೆ ಬರೆಯುವುದು) ನಂತರ ಮೆಮರಿಗೆ ಬೀಳುವುದುಂಟು. ಡಿವೈಸ್‌ನ ರಿಜಿಸ್ಟರ್ ಓದಿದರೆ ಅದಕ್ಕೂ ಮುಂಚೆ ಡಿವೈಸ್ ಕಳಿಸಿದ ಡೇಟಾ ಮೆಮರಿ ಸೇರಿರುತ್ತದೆ.

ಸ್ಥಿತಿ ರಿಜಿಸ್ಟರೇ ಇಲ್ಲದ ಡಿವೈಸ್ ಆದರೆ? ಪಿಸಿಐ 2.3ರ ನಂತರದ್ದಾದರೆ ಪಿಸಿಐ_ಚೆಕ್_ಅಂಡ್_ಮಾಸ್ಕ್_ಇಂಟ್‌ಎಕ್ಸ್ ಇದೆ. ಕಾನ್ಫಿಗ್ ಸ್ಪೇಸ್‌ನ ಸ್ಟೇಟಸ್ ರಿಜಿಸ್ಟರಿನ 3ನೇ ಬಿಟ್ ನೋಡಿ ‘ನನ್ನದೇ’ ಎಂದು ಹೇಳುತ್ತದೆ, ನನ್ನದಾದರೆ ಮಾಸ್ಕ್ ಕೂಡ ಮಾಡುತ್ತದೆ. ಅದೂ ಇಲ್ಲದ ಡಿವೈಸನ್ನು ಹಂಚಿದ ಲೈನ್ ಮೇಲೆ ಹಾಕಬೇಡಿ. ಅದಕ್ಕೆ ಸಾಫ್ಟ್‌ವೇರ್‌ನಲ್ಲಿ ಮದ್ದಿಲ್ಲ.

### ‘ಹ್ಯಾಂಡಲ್ಡ್’ ಎಂದು ಸುಳ್ಳು ಹೇಳಿದರೆ ಏನಾಗುತ್ತದೆ

ನಾನು ಹ್ಯಾಂಡಲ್ಡ್ ಎಂದರೆ ಕರ್ನಲ್ ಪಕ್ಕದವರನ್ನು ಕರೆಯುವುದಿಲ್ಲ ಎಂದು ತುಂಬ ಜನ ತಿಳಿದಿದ್ದಾರೆ. ಲಿನಕ್ಸ್ ಹಾಗಲ್ಲ. ಲೈನ್ ಮೇಲಿರುವ ಎಲ್ಲ ಹ್ಯಾಂಡ್ಲರ್‌ಗಳನ್ನೂ ಸರದಿಯಂತೆ ಕರೆಯುತ್ತದೆ, ಎಲ್ಲರ ಉತ್ತರವನ್ನೂ ಸೇರಿಸಿ ಒಂದು ತೀರ್ಮಾನಕ್ಕೆ ಬರುತ್ತದೆ. ಹಾಗಾದರೆ ಸುಳ್ಳಿನಿಂದ ಯಾರಿಗೆ ತೊಂದರೆ? ಕಾವಲುಗಾರನಿಗೆ.

ಕರ್ನಲ್ ಪ್ರತಿ ಲೈನಿಗೂ ಲೆಕ್ಕ ಇಡುತ್ತದೆ. 1,00,000 ಇಂಟರಪ್ಟ್‌ಗಳಲ್ಲಿ 99,900ಕ್ಕಿಂತ ಹೆಚ್ಚು ಯಾರಿಗೂ ಸೇರದೆ ಹೋದರೆ ‘ನೋಬಡಿ ಕೇರ್ಡ್’ ಎಂದು ಕೂಗಿ, ಹ್ಯಾಂಡ್ಲರ್‌ಗಳ ಪಟ್ಟಿ ಬರೆದು, ಲೈನನ್ನೇ ಮುಚ್ಚಿಬಿಡುತ್ತದೆ. ನಿಮ್ಮ ಹ್ಯಾಂಡ್ಲರ್ ಯಾವಾಗಲೂ ಹ್ಯಾಂಡಲ್ಡ್ ಎನ್ನುತ್ತಿದ್ದರೆ ಈ ಲೆಕ್ಕ ಯಾವತ್ತೂ ಏರುವುದಿಲ್ಲ. ಪಕ್ಕದ ಡಿವೈಸ್ ಲೈನ್ ಎಳೆದು ಕೂತ ದಿನ ಮೆಷಿನ್ ಒಂದಕ್ಷರ ಹೇಳದೆ ಅಲ್ಲಾಡದೆ ನಿಲ್ಲುತ್ತದೆ. ಕಂಬಕ್ಕೆ ಕಟ್ಟಿದ ನಾಯಿಗೆ ನಿದ್ದೆ ಮಾತ್ರೆ ಹಾಕಿದವರು ನೀವೇ.

## ಹಂತ 5: ಲಾಕ್‌ಗಳು

ಪ್ರೋಸೆಸ್ ಕಾಂಟೆಕ್ಸ್ಟ್‌ನಲ್ಲಿ ಸ್ಪಿನ್_ಲಾಕ್_ಐಆರ್‌ಕ್ಯೂಸೇವ್, ಹ್ಯಾಂಡ್ಲರ್‌ನಲ್ಲಿ ಸ್ಪಿನ್_ಲಾಕ್. ಮಾಸ್ಕಿನ ಪ್ರತಿ, ಮಲಗಿದ ಗುರುತು ಎರಡೂ ಇದೇ ಲಾಕ್‌ನ ಕೆಳಗೆ ಬರಲಿ. ಹ್ಯಾಂಡ್ಲರ್‌ನಲ್ಲಿ ಮ್ಯೂಟೆಕ್ಸ್, ಜಿಎಫ್‌ಪಿ_ಕರ್ನಲ್ ಅಲೊಕೇಶನ್, ನಿದ್ದೆ ಮಾಡುವ ಯಾವುದೂ ಬೇಡ.

ಬರೆದು ಗೋಡೆಗೆ ಅಂಟಿಸಬೇಕಾದ ಒಂದು ಮಾತಿದೆ: ಹಂಚಿದ ಲೈನ್ ಮೇಲೆ ಡಿಸೇಬಲ್_ಐಆರ್‌ಕ್ಯೂ ಕರೆಯಬೇಡಿ. ಅದು ನಿಮ್ಮ ಡಿವೈಸನ್ನಲ್ಲ, ಇಡೀ ವಠಾರದ ಬೆಲ್ಲನ್ನೇ ಕಿತ್ತಿಡುತ್ತದೆ. ಇದನ್ನು ನಾನು ಕಲಿತದ್ದು ಪಾಠ ಓದಿ ಅಲ್ಲ. ನಾನೇ ಬರೆದ ಸೀರಿಯಲ್ ಕಾರ್ಡ್ ಡ್ರೈವರ್‌ನಲ್ಲಿ ರಿಮೂವ್ ದಾರಿಯಲ್ಲಿ ‘ಸುರಕ್ಷತೆಗೆ ಇರಲಿ’ ಎಂದು ಒಂದು ಡಿಸೇಬಲ್_ಐಆರ್‌ಕ್ಯೂ ಹಾಕಿದ್ದೆ, ಜೋಡಿ ಎನೇಬಲ್ ಮರೆತಿದ್ದೆ. ಮಾಡ್ಯೂಲ್ ಇಳಿಸಿದಾಗಲೆಲ್ಲ ನೆಟ್‌ವರ್ಕ್ ಹೋಗುತ್ತಿತ್ತು. ಎರಡು ದಿನ ಕೇಬಲ್ ಬದಲಿಸುತ್ತ ಕೂತಿದ್ದೆ. ಮೂರನೇ ದಿನ ಪ್ರಾಕ್ ಫೈಲ್ ತೆರೆದಾಗ ಎರಡೂ ಹೆಸರು ಒಂದೇ ಸಾಲಿನಲ್ಲಿ ಅಕ್ಕಪಕ್ಕ ಕೂತಿದ್ದವು.

ಮುಚ್ಚಬೇಕೆಂದರೆ ನಿಮ್ಮ ಡಿವೈಸಿನ ಒಳಗೇ ಮಾಸ್ಕ್ ಹಾಕಿ, ಆಮೇಲೆ ಸಿಂಕ್ರೊನೈಸ್_ಐಆರ್‌ಕ್ಯೂ ಕರೆದು ಓಡುತ್ತಿರುವ ಹ್ಯಾಂಡ್ಲರ್ ಮುಗಿಯುವವರೆಗೆ ಕಾಯಿರಿ. ಕಾಯುವಾಗ ಹ್ಯಾಂಡ್ಲರ್‌ಗೆ ಬೇಕಾದ ಲಾಕನ್ನು ಕೈಯಲ್ಲಿ ಹಿಡಿದಿರಬೇಡಿ.

## ಹಂತ 6: ಥ್ರೆಡ್ ಹ್ಯಾಂಡ್ಲರ್ ಬೇಕಾದಾಗ

ಕೆಲಸ ದೊಡ್ಡದಿದ್ದರೆ ರಿಕ್ವೆಸ್ಟ್_ಥ್ರೆಡೆಡ್_ಐಆರ್‌ಕ್ಯೂ ಬಳಸಿ. ಆದರೆ ಮೊದಲ ಹ್ಯಾಂಡ್ಲರ್ ಜಾಗದಲ್ಲಿ ನಲ್ ಕೊಡುವ ಸೋಮಾರಿತನ ಹಂಚಿದ ಲೈನ್‌ನಲ್ಲಿ ಬೇಡ. ಹಾಗೆ ಕೊಟ್ಟರೆ ಒನ್‌ಶಾಟ್ ಕಡ್ಡಾಯವಾಗುತ್ತದೆ, ಥ್ರೆಡ್ ಮುಗಿಯುವವರೆಗೂ ಲೈನ್ ಮುಚ್ಚಿರುತ್ತದೆ, ಪಕ್ಕದವರೂ ಅಷ್ಟು ಹೊತ್ತು ಕಾಯುತ್ತಾರೆ. ಒನ್‌ಶಾಟ್ ಕೇಳದ ನೆರೆಯವರಿದ್ದರೆ ನೋಂದಣಿಯೇ ಆಗುವುದಿಲ್ಲ.

ಸರಿಯಾದ ದಾರಿ: ಮೊದಲ ಹ್ಯಾಂಡ್ಲರ್ ಸ್ಥಿತಿ ನೋಡಲಿ, ನನ್ನದಾದರೆ ಡಿವೈಸಿನೊಳಗೆ ಮಾಸ್ಕ್ ಹಾಕಲಿ, ಐಆರ್‌ಕ್ಯೂ_ವೇಕ್_ಥ್ರೆಡ್ ಕೊಡಲಿ. ಥ್ರೆಡ್ ಕೆಲಸ ಮುಗಿಸಿ ಮಾಸ್ಕ್ ತೆಗೆಯಲಿ. ಲೈನ್ ತಕ್ಷಣ ನೆರೆಯವರಿಗೆ ತೆರೆದುಕೊಳ್ಳುತ್ತದೆ.

ಐ2ಸಿ ಸೆನ್ಸರ್‌ಗಳಲ್ಲಿ ಇದು ಆಗದು. ಅದರ ಸ್ಥಿತಿ ಓದುವುದೇ ನಿದ್ದೆ ಮಾಡುವ ಕೆಲಸ. ಅಲ್ಲಿ ಲೈನ್ ಹಂಚಿಕೊಳ್ಳುವ ಎಲ್ಲ ಡ್ರೈವರ್‌ಗಳೂ ಒನ್‌ಶಾಟ್ ಮತ್ತು ಲೆವೆಲ್ ಟ್ರಿಗರ್‌ಗೆ ಒಪ್ಪಿರಬೇಕು. ಲೆವೆಲ್ ಎಂದು ಒತ್ತಿ ಹೇಳುತ್ತಿದ್ದೇನೆ, ಎಡ್ಜ್ (ಮಟ್ಟ ಬದಲಾಗುವ ಕ್ಷಣವನ್ನಷ್ಟೇ ಗಮನಿಸುವುದು) ಬೇಡ. ಒಂದು ಸೆನ್ಸರ್ ಲೈನ್ ಕೆಳಗೆಳೆದು ಹಿಡಿದಿರುವಾಗ ಇನ್ನೊಂದೂ ಎಳೆದರೆ ಹೊಸ ಎಡ್ಜ್ ಹುಟ್ಟುವುದೇ ಇಲ್ಲ. ಮೊದಲನೆಯದಕ್ಕೆ ಉತ್ತರ ಕೊಟ್ಟಮೇಲೂ ಲೈನ್ ಕೆಳಗೇ ಇರುತ್ತದೆ, ಎರಡನೆಯದು ಶಾಶ್ವತವಾಗಿ ಕಾಯುತ್ತದೆ. ಹಳೆಯ ಮಲ್ಟಿಪೋರ್ಟ್ ಸೀರಿಯಲ್ ಕಾರ್ಡ್‌ಗಳಿಗೆ ಈ ಕಾಟ ಇತ್ತು. ಕರ್ನಲ್‌ನ 8250 ಡ್ರೈವರ್ ಇವತ್ತಿಗೂ ಒಂದು ಇಡೀ ಸುತ್ತಿನಲ್ಲಿ ಯಾವ ಪೋರ್ಟೂ ಬೇಡಿಕೆ ಇಡದವರೆಗೆ ಸುತ್ತುತ್ತಲೇ ಇರುತ್ತದೆ, ಗರಿಷ್ಠ ಮಿತಿ 512. ಹಾರ್ಡ್‌ವೇರ್‌ನಿಂದಾಗಿ ಎಡ್ಜ್ ತಪ್ಪಿಸಲಾಗದವರು ಆ ಲೂಪ್ ಓದಿ ಕಲಿಯಬೇಕು.

## ಹಂತ 7: ಮಲಗುವಾಗ, ಏಳುವಾಗ

ನಿಮ್ಮ ಸಸ್ಪೆಂಡ್ ಫಂಕ್ಷನ್ ಮುಗಿದ ಕ್ಷಣಕ್ಕೂ ಕರ್ನಲ್ ಡಿವೈಸ್ ಇಂಟರಪ್ಟ್‌ಗಳನ್ನು ನಿಲ್ಲಿಸುವ ಕ್ಷಣಕ್ಕೂ ನಡುವೆ ಒಂದು ಕಿಂಡಿ ಇದೆ. ಆ ಕಿಂಡಿಯಲ್ಲಿ ನೆರೆಯವರ ಇಂಟರಪ್ಟ್ ಬಂದರೆ ನಿಮ್ಮ ಹ್ಯಾಂಡ್ಲರ್ ಮಲಗಿದ ಡಿವೈಸನ್ನು ಮುಟ್ಟುತ್ತದೆ. ಪಿಸಿಐ ಆದರೆ ಎಲ್ಲ ಬಿಟ್ಟೂ 1 ಬಂದು ಪಾರಾಗಬಹುದು. ಎಸ್‌ಒಸಿಯಲ್ಲಿ ಕ್ಲಾಕ್ ನಿಲ್ಲಿಸಿದ ಬ್ಲಾಕಿನ ರಿಜಿಸ್ಟರ್ ಓದಿದರೆ ಬಸ್ಸೇ ನಿಂತುಹೋಗಬಹುದು. ರನ್‌ಟೈಮ್ ಪವರ್ ಮ್ಯಾನೇಜ್‌ಮೆಂಟ್‌ನಲ್ಲಿ ಈ ಕಿಂಡಿ ದಿನವಿಡೀ ತೆರೆದಿರುತ್ತದೆ.

ಮಲಗುವ ಕ್ರಮ: ಡಿವೈಸಿನಲ್ಲಿ ಮಾಸ್ಕ್, ಒಂದು ಓದು, ಲಾಕ್ ಹಿಡಿದು ‘ಮಲಗಿದೆ’ ಗುರುತು, ಲಾಕ್ ಬಿಟ್ಟು ಸಿಂಕ್ರೊನೈಸ್_ಐಆರ್‌ಕ್ಯೂ, ಆಮೇಲೆ ಪವರ್ ಅಥವಾ ಕ್ಲಾಕ್ ತೆಗೆಯುವುದು. ಏಳುವಾಗ ಪವರ್ ಕೊಟ್ಟು, ಹಳೆಯ ಬಾಕಿ ಆಕ್ ಮಾಡಿ, ಗುರುತು ಅಳಿಸಿ, ಕೊನೆಗೆ ಮಾಸ್ಕ್ ತೆಗೆಯಿರಿ.

ನೆರೆಯವರಲ್ಲಿ ಯಾರಾದರೂ ಐಆರ್‌ಕ್ಯೂಎಫ್_ನೋ_ಸಸ್ಪೆಂಡ್ ಕೇಳಿದ್ದರೆ ಸಸ್ಪೆಂಡ್ ಉದ್ದಕ್ಕೂ ಲೈನ್ ತೆರೆದೇ ಇರುತ್ತದೆ. ಅಂಥವರ ಜೊತೆ ಬದುಕಲು ಐಆರ್‌ಕ್ಯೂಎಫ್_ಕಾಂಡ್_ಸಸ್ಪೆಂಡ್ ಇದೆ.

## ಹಂತ 8: ಮನೆ ಖಾಲಿ ಮಾಡುವುದು

ರಿಮೂವ್ ಎಂದರೆ ಪ್ರೋಬ್‌ನ ಉಲ್ಟಾ ಕ್ರಮ:

1. ಹೊಸ ಕೆಲಸ ಬರದಂತೆ ತಡೆಯಿರಿ.
2. ಡಿವೈಸಿನಲ್ಲಿ ಮಾಸ್ಕ್ ಹಾಕಿ, ಓದಿ ಖಾತ್ರಿ ಮಾಡಿ.
3. ಫ್ರೀ_ಐಆರ್‌ಕ್ಯೂ.
4. ಬಾಕಿ ವರ್ಕ್, ಟೈಮರ್ ರದ್ದು ಮಾಡಿ.
5. ಅನ್‌ಮ್ಯಾಪ್ ಮಾಡಿ, ಮೆಮರಿ ಬಿಡಿ.

ಎರಡನ್ನು ಬಿಟ್ಟು ಮೂರಕ್ಕೆ ಹೋದರೆ ಡಿವೈಸ್ ಲೈನ್ ಎಳೆದೇ ಇರುತ್ತದೆ, ಉತ್ತರ ಕೊಡುವವರು ಊರು ಬಿಟ್ಟಿರುತ್ತಾರೆ. ಉಳಿದ ನೆರೆಯವರೆಲ್ಲ ‘ನನ್ನದಲ್ಲ’ ಎನ್ನುತ್ತ ಒಂದು ಲಕ್ಷ ಎಣಿಸಿ ಒಟ್ಟಿಗೆ ಮುಳುಗುತ್ತಾರೆ. ಫ್ರೀ_ಐಆರ್‌ಕ್ಯೂ ಓಡುತ್ತಿರುವ ಹ್ಯಾಂಡ್ಲರ್‌ಗೆ ಕಾಯುತ್ತದೆ, ಹಾಗಾಗಿ ಅದನ್ನು ಇಂಟರಪ್ಟ್ ಕಾಂಟೆಕ್ಸ್ಟ್‌ನಲ್ಲಿ ಕರೆಯುವಂತಿಲ್ಲ.

ಡೆವ್‌ಎಮ್_ರಿಕ್ವೆಸ್ಟ್_ಐಆರ್‌ಕ್ಯೂ ಬಳಸುವವರೇ, ಇಲ್ಲಿ ಕಿವಿಗೊಡಿ. ಡೆವ್‌ಎಮ್‌ನ (ಡ್ರೈವರ್ ಪಡೆದದ್ದನ್ನು ಕರ್ನಲ್ ತಾನೇ ಬಿಡಿಸುವ ವ್ಯವಸ್ಥೆ) ಸ್ವಚ್ಛತೆ ನಡೆಯುವುದು ರಿಮೂವ್ ವಾಪಸಾದ ಮೇಲೆ. ಮ್ಯಾಪಿಂಗನ್ನು ರಿಮೂವ್‌ನಲ್ಲಿ ಕೈಯಾರೆ ತೆಗೆದು ಐಆರ್‌ಕ್ಯೂವನ್ನು ಡೆವ್‌ಎಮ್‌ಗೆ ಬಿಟ್ಟರೆ, ಎರಡರ ನಡುವೆ ಹ್ಯಾಂಡ್ಲರ್ ಬದುಕಿರುತ್ತದೆ, ರಿಜಿಸ್ಟರ್ ಇರುವುದಿಲ್ಲ. ನೆರೆಯವರ ಒಂದು ಇಂಟರಪ್ಟ್ ಸಾಕು. ಹಂಚದ ಲೈನ್‌ನಲ್ಲಿ ಈ ತಪ್ಪು ವರ್ಷಗಟ್ಟಲೆ ಅಡಗಿರಬಲ್ಲದು. ಎಲ್ಲವನ್ನೂ ಡೆವ್‌ಎಮ್‌ಗೆ ಕೊಡಿ, ಇಲ್ಲವೇ ಎಲ್ಲವನ್ನೂ ನೀವೇ ಮಾಡಿ. ಅರ್ಧ ಅರ್ಧ ಬೇಡ. ಪ್ರೋಬ್‌ನ ಎರರ್ ದಾರಿಗೂ ಇದೇ ನಿಯಮ.

## ಹಂತ 9: ಬೇಕೆಂದೇ ಮುರಿದು ನೋಡಿ

ಎರಡು ಎಡು ಡಿವೈಸ್‌ಗಳಿಗೂ ಡ್ರೈವರ್ ಹತ್ತಿಸಿ, ಒಂದರ ಹೆಕ್ಸ್ 60ಕ್ಕೆ ಲೂಪ್‌ನಲ್ಲಿ ಬರೆಯುತ್ತಿರಿ. ಲೂಪ್ ಓಡುತ್ತಿರುವಾಗಲೇ ಇನ್ನೊಂದನ್ನು ಸಿಸ್‌ಎಫ್‌ಎಸ್‌ನ ಅನ್‌ಬೈಂಡ್, ಬೈಂಡ್ ಮೂಲಕ ನೂರಾರು ಸಲ ಬಿಚ್ಚಿ ಕಟ್ಟಿ. ಕ್ರಮ ತಪ್ಪಿದ ಡ್ರೈವರನ್ನು ಕಾಸಾನ್ ಇಲ್ಲೇ ಹಿಡಿಯುತ್ತದೆ. ಡೀಬಗ್_ಎಸ್‌ಎಚ್‌ಐಆರ್‌ಕ್ಯೂ ಆನ್ ಇದ್ದರೆ ಫ್ರೀ_ಐಆರ್‌ಕ್ಯೂ ಹೊತ್ತಿನಲ್ಲಿ ಕರ್ನಲ್ ತಾನಾಗಿಯೇ ಹ್ಯಾಂಡ್ಲರನ್ನು ಇನ್ನೊಮ್ಮೆ ಕರೆದು ಪರೀಕ್ಷಿಸುತ್ತದೆ. ನೋಂದಣಿ ಹೊತ್ತಿನ ಅಂಥದೇ ಪರೀಕ್ಷೆಯನ್ನು ಮಾತ್ರ ಈಗ ಆಫ್ ಮಾಡಿಟ್ಟಿದ್ದಾರೆ, ಹಂತ 2ರ ತಪ್ಪನ್ನು ನೀವೇ ಹುಡುಕಬೇಕು.

ಆಮೇಲೆ ಆಕ್ ಸಾಲನ್ನು ಕಾಮೆಂಟ್ ಮಾಡಿ, ಹ್ಯಾಂಡ್ಲರ್‌ನಿಂದ ಯಾವಾಗಲೂ ಐಆರ್‌ಕ್ಯೂ_ನನ್ ಕೊಟ್ಟು ಓಡಿಸಿ. ‘ನೋಬಡಿ ಕೇರ್ಡ್’ ಹೇಗಿರುತ್ತದೆ ಎಂದು ಒಮ್ಮೆ ಕಣ್ಣಾರೆ ನೋಡಿರಬೇಕು. ಅದೇ ಪ್ರಯೋಗವನ್ನು ಐಆರ್‌ಕ್ಯೂ_ಹ್ಯಾಂಡಲ್ಡ್ ಕೊಟ್ಟು ಮಾಡಿ, ಸೀರಿಯಲ್ ಕನ್ಸೋಲ್ ಹೇಗೆ ಮೌನವಾಗುತ್ತದೆ ನೋಡಿ.

## ಅಪಾಯದ ಸೂಚನೆಗಳು

ಲಾಗ್‌ನಲ್ಲಿ ‘ನೋಬಡಿ ಕೇರ್ಡ್’, ಕೆಳಗೆ ನಿಮ್ಮ ಹ್ಯಾಂಡ್ಲರ್ ಹೆಸರು. ಹೆಸರಿದೆ ಎಂದ ಮಾತ್ರಕ್ಕೆ ತಪ್ಪು ನಿಮ್ಮದಲ್ಲ, ಅದು ಆ ಲೈನಿನ ಎಲ್ಲರ ಪಟ್ಟಿ. ಹೆಸರಿಲ್ಲದ, ಡ್ರೈವರ್ ಇಲ್ಲದ ಡಿವೈಸ್ ಇದೆಯೇ ಎಂದು ಮೊದಲು ನೋಡಿ. ಬೂಟ್ ಸಾಲಿಗೆ ‘ಐಆರ್‌ಕ್ಯೂಪೋಲ್’ ಸೇರಿಸಿ ಎಂದು ಆ ಸಂದೇಶವೇ ಸಲಹೆ ಕೊಡುತ್ತದೆ. ಕಾರಣ ಹುಡುಕುವಾಗ ಒಂದು ದಿನದ ಮಟ್ಟಿಗೆ ಪರವಾಗಿಲ್ಲ, ಗ್ರಾಹಕರಿಗೆ ಹಾಗೆಯೇ ಕಳಿಸಬೇಡಿ.

ಪಿಂಗ್ ಸಮಯ ಇದ್ದಕ್ಕಿದ್ದಂತೆ ಹತ್ತಾರು ಮಿಲಿಸೆಕೆಂಡಿಗೆ ಏರಿ, 100ರ ಒಳಗೆ ತೂಗಾಡುವುದು. ಲೈನ್ ಮುಚ್ಚಿದ ಮೇಲೂ ಕರ್ನಲ್ ಸೆಕೆಂಡಿಗೆ 10 ಸಲ ಹ್ಯಾಂಡ್ಲರ್‌ಗಳನ್ನು ತಾನೇ ಕರೆದು ನೋಡುತ್ತದೆ. ಹಾಗಾಗಿ ಡಿವೈಸ್ ಪೂರ್ತಿ ಸಾಯದೆ ಕುಂಟುತ್ತದೆ. ಲಾಗನ್ನು ಹಿಂದಕ್ಕೆ ಸರಿಸಿದರೆ ಲೈನ್ ಮುಚ್ಚಿದ ಸಾಲು ಸಿಗುತ್ತದೆ.

ಪ್ರಾಕ್‌ನ ಐಆರ್‌ಕ್ಯೂ ಡೈರೆಕ್ಟರಿಯಲ್ಲಿ ನಿಮ್ಮ ಲೈನಿನ ‘ಸ್ಪೂರಿಯಸ್’ ಫೈಲ್. ಅದರ ‘ಅನ್‌ಹ್ಯಾಂಡಲ್ಡ್’ ಸಂಖ್ಯೆ ಲೋಡ್ ಜೊತೆ ಏರುತ್ತಿದ್ದರೆ ಹೆಚ್ಚಾಗಿ ಹಂತ 4ರ ಏಳನೆಯ ಸಾಲು ಬಿಟ್ಟಿದ್ದೀರಿ. ಬೂಟ್ ಸಾಲಿನಲ್ಲಿ ‘ನೋಐಆರ್‌ಕ್ಯೂಡೀಬಗ್’ ಇದ್ದರೆ ಈ ಲೆಕ್ಕವೇ ನಡೆಯುವುದಿಲ್ಲ, ಅದನ್ನು ಮೊದಲು ತೆಗೆಯಿರಿ.

ಮಾಡ್ಯೂಲ್ ಇಳಿಸುವಾಗ ‘ಟ್ರೈಯಿಂಗ್ ಟು ಫ್ರೀ ಆಲ್‌ರೆಡಿ-ಫ್ರೀ ಐಆರ್‌ಕ್ಯೂ’ ಎಂಬ ಎಚ್ಚರಿಕೆ. ನೋಂದಣಿಗೆ ಕೊಟ್ಟ ಡೆವ್_ಐಡಿ ಬೇರೆ, ಬಿಡಿಸುವಾಗ ಕೊಟ್ಟದ್ದು ಬೇರೆ. ಅಥವಾ ಡೆವ್‌ಎಮ್ ಒಂದು ಸಲ, ನೀವು ಒಂದು ಸಲ ಬಿಡಿಸಿದ್ದೀರಿ.

ಲ್ಯಾಪ್‌ಟಾಪ್ ಮಲಗಿ ಎದ್ದಮೇಲೆ ಮಾತ್ರ ಬರುವ ಊಪ್ಸ್ (ಕರ್ನಲ್ ದೋಷದ ವರದಿ), ಅದೂ ಹತ್ತರಲ್ಲಿ ಒಂದು ಸಲ. ಹಂತ 7ರ ಕಿಂಡಿ. ಸಿಂಕ್ರೊನೈಸ್_ಐಆರ್‌ಕ್ಯೂ ಇದೆಯೇ, ಇದ್ದರೆ ಗುರುತು ಹಾಕುವ ಮೊದಲು ಇದೆಯೋ ನಂತರವೋ ನೋಡಿ. ಮೊದಲು ಇದ್ದರೆ ಇದ್ದೂ ಇಲ್ಲದಂತೆ.